ಪುಕ್ಕಟೆ ಫೋನಿಗೆ ಹೂಂ ಎನ್ನುವ ಮೊದಲು

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಬಂತು. ನೀನು ಅಕ್ಕ ಎಂದು ಕರೆದಿರುವುದರಿಂದ ನಾನೂ ಏಕವಚನದಲ್ಲೇ ಬರೆಯುತ್ತೇನೆ. ದಾವಣಗೆರೆಯಿಂದ ಟೆಕ್ಸಾಸಿನ ಆರ್ಲಿಂಗ್ಟನ್‌ಗೆ ಎಂ.ಎಸ್. ಓದಲು ಬಂದು ಇಳಿದಿದ್ದೀಯ. ಊರಿನಿಂದ ತಂದ ಫೋನಿನ ಗಾಜು ಪ್ರಯಾಣದಲ್ಲಿ ಒಡೆದಿದೆ. ಮಾಲ್‌ನಲ್ಲಿರುವ ಮೊಬೈಲ್ ಕಂಪನಿಯ ಅಂಗಡಿಯವನು ‘ಐಫೋನ್ ಪುಕ್ಕಟೆ, ಆದರೆ ನಮ್ಮ ಅನ್‌ಲಿಮಿಟೆಡ್ ಡೇಟಾ ಪ್ಲಾನ್ ತೆಗೆದುಕೊಳ್ಳಲೇಬೇಕು, ತಿಂಗಳಿಗೆ 85 ಡಾಲರ್’ ಎಂದಿದ್ದಾನೆ. ಹ್ಯೂಸ್ಟನ್‌ನಲ್ಲಿರುವ ನಿನ್ನ ಚಿಕ್ಕಪ್ಪ ‘ಅಮೆರಿಕದಲ್ಲಿ ಡೇಟಾ ಪ್ಲಾನ್ ಇಲ್ಲದೆ ಸ್ಮಾರ್ಟ್‌ಫೋನ್ ಕೊಡುವುದೇ ಇಲ್ಲ, ಯೋಚನೆ ಮಾಡದೆ ಸಹಿ ಹಾಕು’ ಎಂದಿದ್ದಾರೆ. ಊರಿನಲ್ಲಿ ಫೋನ್ ಒಂದು ಅಂಗಡಿಯಲ್ಲಿ, ಸಿಮ್ ಇನ್ನೊಂದು ಅಂಗಡಿಯಲ್ಲಿ ಕೊಳ್ಳುತ್ತಿದ್ದೆವಲ್ಲ, ಇಲ್ಲಿ ಹಾಗೆ ಆಗುವುದಿಲ್ಲವೇ ಎಂದು ನೀನು ಕೇಳಿದ್ದೀಯ.

ಆಗುತ್ತದೆ. ಅಂಗಡಿಯವನ ಕಾಗದಕ್ಕೆ ಈಗಲೇ ಸಹಿ ಹಾಕಬೇಡ.

ನಿನ್ನ ಚಿಕ್ಕಪ್ಪನ ಮಾತು ಸುಳ್ಳಲ್ಲ, ಹಳೆಯದು. ಅವರು ಬಂದ ಕಾಲದಲ್ಲಿ ಪರಿಸ್ಥಿತಿ ಹಾಗೆಯೇ ಇತ್ತು. ನಾನೂ ಆಗಲೇ ಇಲ್ಲಿದ್ದವಳು, ಕಣ್ಣಾರೆ ಕಂಡಿದ್ದೇನೆ. ಅದು ಹೇಗೆ ಶುರುವಾಯಿತು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂದು ಮಾಲ್‌ನಲ್ಲಿ ನಿನಗೆ ತೋರಿಸಿದ ಕಾಗದದ ಬೇರು ಅಲ್ಲಿದೆ.

2008ರ ಜುಲೈನಲ್ಲಿ ಐಫೋನ್ 3ಜಿ ಬಂದಾಗ ಅದರ ಬೆಲೆ 199 ಡಾಲರ್ ಎಂದು ಎಲ್ಲೆಡೆ ಜಾಹೀರಾತು ಇತ್ತು. ಆ ಬೆಲೆ ಎಟಿ ಅಂಡ್ ಟಿ ಎಂಬ ಮೊಬೈಲ್ ಕಂಪನಿಯ ಜೊತೆ ಎರಡು ವರ್ಷದ ಕರಾರು ಮಾಡಿಕೊಂಡವರಿಗೆ ಮಾತ್ರ. ಕರಾರಿಲ್ಲದೆ ಬೇಕೆಂದರೆ ಅದೇ ಫೋನಿಗೆ 599 ಡಾಲರ್. ನಡುವಿನ 400 ಡಾಲರನ್ನು ಕಂಪನಿ ತಾನೇ ಕೈಯಿಂದ ಹಾಕುತ್ತಿತ್ತು. ಹಾಕಿದ್ದನ್ನು ತೆಗೆಯುವ ದಾರಿ ಡೇಟಾ ಪ್ಲಾನ್. ತಿಂಗಳಿಗೆ 30 ಡಾಲರಿನ ಡೇಟಾ ಕಡ್ಡಾಯ, ಮಾತಿನ ಪ್ಲಾನಿನ ಹಣ ಅದರ ಮೇಲೆ ಬೇರೆ. ಇಪ್ಪತ್ತನಾಲ್ಕು ತಿಂಗಳಿಗೆ ಡೇಟಾದ ಲೆಕ್ಕವೊಂದೇ 720 ಡಾಲರ್ ಆಗುತ್ತಿತ್ತು. ಹಸುವನ್ನು ಕೊಟ್ಟು ಹಗ್ಗದ ತುದಿಯನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡಂತೆ.

ಮೊದಲು ಐಫೋನಿಗೆ ಇದ್ದ ಈ ಕಟ್ಟಳೆಯನ್ನು 2009ರ ಸೆಪ್ಟೆಂಬರಿನಲ್ಲಿ ಎಟಿ ಅಂಡ್ ಟಿ ಎಲ್ಲ ಸ್ಮಾರ್ಟ್‌ಫೋನ್‌ಗಳಿಗೂ ವಿಸ್ತರಿಸಿತು. ಅದೇ ವರ್ಷದ ನವೆಂಬರಿನಲ್ಲಿ ವೆರೈಝನ್ ಕಂಪನಿಯು ಕರಾರನ್ನು ನಡುವೆ ಮುರಿದರೆ ಕಟ್ಟಬೇಕಾದ ದಂಡವನ್ನು ಸ್ಮಾರ್ಟ್‌ಫೋನ್ ಇದ್ದವರಿಗೆ 350 ಡಾಲರಿಗೆ ಏರಿಸಿತು. ಮುಂದಿನ ವರ್ಷ ಜೂನ್‌ನಲ್ಲಿ ಎಟಿ ಅಂಡ್ ಟಿ ಹೊಸ ಗ್ರಾಹಕರಿಗೆ ಅನ್‌ಲಿಮಿಟೆಡ್ ಡೇಟಾ ನಿಲ್ಲಿಸಿ, 200 ಎಂಬಿಗೆ 15 ಡಾಲರ್, 2 ಜಿಬಿಗೆ 25 ಡಾಲರ್ ಎಂದು ಅಳತೆ ಇಟ್ಟಿತು. ತಿಂಗಳಿಡೀ 200 ಎಂಬಿ! ಇಂದು ನಿನ್ನ ಫೋನ್ ಒಂದು ಆ್ಯಪ್ ನವೀಕರಿಸಲು ಅಷ್ಟು ನುಂಗುತ್ತದೆ. ಬೇಡ ಎನ್ನುವ ಆಯ್ಕೆ ಇರಲಿಲ್ಲ. ಕಡಿಮೆಯದನ್ನು ಆರಿಸಿಕೊಳ್ಳುವ ಆಯ್ಕೆ ಮಾತ್ರ ಇತ್ತು.

ಕಂಪನಿಯಿಂದ ಅಗ್ಗಕ್ಕೆ ಫೋನ್ ಪಡೆದವರಿಗೆ ಈ ಷರತ್ತು ಹಾಕಿದ್ದರೆ ಅದರಲ್ಲಿ ಒಂದು ನ್ಯಾಯವಾದರೂ ಇತ್ತು ಎನ್ನಬಹುದು. ಆದರೆ ಪೂರ್ತಿ ಹಣ ಕೊಟ್ಟು ಕೊಂಡವರಿಗೂ, ಹಳೆಯ ಫೋನ್ ಉಪಯೋಗಿಸುವವರಿಗೂ ಅದೇ ನಿಯಮ ಬಂತು. ಆ ವರ್ಷಗಳಲ್ಲಿ ನಮ್ಮ ಅತ್ತೆ ಶಿವಮೊಗ್ಗದಿಂದ ಕೆಲವು ತಿಂಗಳ ಮಟ್ಟಿಗೆ ಬಂದಿದ್ದರು. ಅವರ ಕಣ್ಣಿಗೆ ದೊಡ್ಡ ಅಕ್ಷರ ಬೇಕು, ಸಣ್ಣ ಫೋನಿನ ಗುಂಡಿಗಳನ್ನು ಒತ್ತಲು ಆಗುತ್ತಿರಲಿಲ್ಲ. ಗೆಳತಿಯೊಬ್ಬಳು ಬಳಸಿ ಬಿಟ್ಟಿದ್ದ ಸ್ಮಾರ್ಟ್‌ಫೋನಿಗೆ ಬರಿಯ ಮಾತಿನ ಪ್ಲಾನ್ ಇದ್ದ ಸಿಮ್ ಹಾಕಿ, ಇಂಟರ್ನೆಟ್ ಬಂದ್ ಮಾಡಿ ಕೊಟ್ಟೆವು. ಮೂವರು ಮಕ್ಕಳ ಹೆಸರು ಮೇಲೆಯೇ ಕಾಣುವಂತೆ ಜೋಡಿಸಿದ್ದೆವು. ಕೆಲವೇ ದಿನಗಳಲ್ಲಿ ಕಂಪನಿಯಿಂದ ಸಂದೇಶ ಬಂತು: ನಿಮ್ಮ ಲೈನಿನಲ್ಲಿ ಸ್ಮಾರ್ಟ್‌ಫೋನ್ ಇರುವುದು ಗೊತ್ತಾಗಿದೆ, ಡೇಟಾ ಪ್ಲಾನ್ ಸೇರಿಸಲಾಗಿದೆ. ಪ್ರತಿಯೊಂದು ಫೋನಿಗೂ ಐಎಂಇಐ ಎಂಬ ಹದಿನೈದು ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ನೋಡಿ ಕಂಪನಿಯ ಕಂಪ್ಯೂಟರ್ ತಾನಾಗಿಯೇ ಹಣ ಏರಿಸಿತ್ತು. ನನ್ನ ಗಂಡ ಎಷ್ಟು ವಾದಿಸಿದರೂ ಫೋನಿನ ಆ ತುದಿಯಲ್ಲಿದ್ದವಳು ‘ಇದು ನಮ್ಮ ನೀತಿ’ ಎಂಬ ಮಾತನ್ನು ಬಿಟ್ಟು ಕದಲಲಿಲ್ಲ. ಕೊನೆಗೆ ಸಿಮ್ಮನ್ನು ಮಡಚುವ ಫೋನಿಗೆ ಹಾಕಿ ಕೊಟ್ಟೆವು. ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಬೆರಳಿನಿಂದ ಒಂದೊಂದೇ ಗುಂಡಿ ತಡಕುತ್ತಿದ್ದುದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಒಂದು ಎಂಬಿಯನ್ನೂ ಬಳಸದ ಮುದುಕಿಯಿಂದ ಡೇಟಾದ ಹಣ ಕೇಳುವುದಕ್ಕೆ ಯಾವ ಸಮಜಾಯಿಷಿಯೂ ಸಾಲದು.

ಕಂಪನಿಗಳು ಕೊಡುತ್ತಿದ್ದ ಕಾರಣವನ್ನೂ ಹೇಳಿಬಿಡುತ್ತೇನೆ. ಡೇಟಾ ಪ್ಲಾನ್ ಇಲ್ಲದ ಸ್ಮಾರ್ಟ್‌ಫೋನ್ ತನ್ನಷ್ಟಕ್ಕೆ ಇಂಟರ್ನೆಟ್ಟಿಗೆ ಹೋಗುತ್ತದೆ, ಆಗ ಒಂದೊಂದು ಎಂಬಿಗೆ ಸುಮಾರು 2 ಡಾಲರಿನಂತೆ ಬಿಲ್ ಬಂದು ಗ್ರಾಹಕ ಗಾಬರಿಯಾಗುತ್ತಾನೆ, ಅದಕ್ಕೇ ಕಡ್ಡಾಯ ಮಾಡಿದ್ದೇವೆ ಎನ್ನುತ್ತಿದ್ದರು. ಹಾಗೆ ಬಿಲ್ ಬರುತ್ತಿದ್ದುದು ನಿಜ. ವೆರೈಝನ್ ಕಂಪನಿಯ ವಿಷಯದಲ್ಲಿ ಅದು ಇಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿಯ ತನಿಖೆಯವರೆಗೂ ಹೋಯಿತು. ಡೇಟಾ ಪ್ಲಾನ್ ಇಲ್ಲದವರ ಬಿಲ್ಲಿನಲ್ಲಿ ತಿಂಗಳು ತಿಂಗಳು 1.99 ಡಾಲರ್ ಕಾಣಿಸಿಕೊಳ್ಳುತ್ತಿತ್ತು. 2010ರ ಅಕ್ಟೋಬರಿನಲ್ಲಿ ಕಂಪನಿ ಸರ್ಕಾರದ ಖಜಾನೆಗೆ 2.5 ಕೋಟಿ ಡಾಲರ್ ಕಟ್ಟಿ, ಸುಮಾರು ಒಂದೂವರೆ ಕೋಟಿ ಗ್ರಾಹಕರಿಗೆ ಕನಿಷ್ಠ 5.28 ಕೋಟಿ ಡಾಲರ್ ಹಿಂತಿರುಗಿಸಲು ಒಪ್ಪಿತು. ನನ್ನ ಪ್ರಶ್ನೆ ಇಷ್ಟೇ. ಡೇಟಾ ಬೇಡ ಎಂದವನ ಲೈನಿನಲ್ಲಿ ಡೇಟಾವನ್ನು ಪೂರ್ತಿ ಬಂದ್ ಮಾಡಲು ಕಂಪನಿಗೆ ಸಾಧ್ಯವಿತ್ತು. ಆ ಸುಲಭದ ದಾರಿ ಬಿಟ್ಟು ಎಲ್ಲರಿಗೂ ಪ್ಲಾನ್ ಹೇರಿದ್ದು ಗ್ರಾಹಕನ ಕಾಳಜಿಯಿಂದ ಎಂದರೆ ಹೇಗೆ ನಂಬುವುದು? ಹಾಗೆ ಪ್ಲಾನ್ ತೆಗೆದುಕೊಳ್ಳಲೇಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ, ಈಗಲೂ ಹೇಳುವುದಿಲ್ಲ. ಅದು ಕಂಪನಿಗಳು ತಮಗೆ ತಾವೇ ಮಾಡಿಕೊಂಡ ನಿಯಮ.

2013ರ ಮಾರ್ಚ್‌ನಲ್ಲಿ ಟಿ-ಮೊಬೈಲ್ ಎರಡು ವರ್ಷದ ಕರಾರನ್ನು ಕೈಬಿಟ್ಟು, ಫೋನಿನ ಬೆಲೆ ಬೇರೆ, ಲೈನಿನ ಬೆಲೆ ಬೇರೆ ಎಂದು ತೋರಿಸತೊಡಗಿತು. ಉಳಿದ ದೊಡ್ಡವರೂ ಮೂರು ವರ್ಷದೊಳಗೆ ಅದೇ ದಾರಿಗೆ ಬಂದರು. 2014ರಲ್ಲಿ ಫೋನ್ ಅನ್‌ಲಾಕ್ ಮಾಡಿಸಿಕೊಳ್ಳುವ, ಅಂದರೆ ಒಂದೇ ಕಂಪನಿಗೆ ಕಟ್ಟಿಹಾಕಿದ ಫೋನಿನಲ್ಲಿ ಬೇರೆಯವರ ಸಿಮ್ಮೂ ನಡೆಯುವಂತೆ ಬಿಡಿಸಿಕೊಳ್ಳುವ ಹಕ್ಕಿಗೆ ಕಾನೂನಿನ ಬಲವೂ ಸಿಕ್ಕಿತು. ಹೀಗಾಗಿ ಇಂದು ನೀನು ನಿನ್ನದೇ ಫೋನ್ ಹಿಡಿದು ಬಂದರೆ, ಚಿಕ್ಕಪ್ಪ ಹೇಳಿದ ಕಡ್ಡಾಯ ನಿನಗೆ ಅನ್ವಯಿಸುವುದಿಲ್ಲ. ಸಣ್ಣ ಕಂಪನಿಗಳಲ್ಲಿ ಡೇಟಾವೇ ಇಲ್ಲದ, ಬರಿಯ ಮಾತು ಮತ್ತು ಸಂದೇಶದ ಪ್ಲಾನುಗಳೂ ಸಿಗುತ್ತವೆ, ಅದನ್ನು ಸ್ಮಾರ್ಟ್‌ಫೋನಿಗೆ ಹಾಕಿದರೂ ಯಾರೂ ಕೇಳುವುದಿಲ್ಲ.

ಹಾಗಾದರೆ ಮಾಲ್‌ನವನು ‘ತೆಗೆದುಕೊಳ್ಳಲೇಬೇಕು’ ಎಂದದ್ದೇಕೆ? ಹಳೆಯ ಕಡ್ಡಾಯ ಬೇರೆ ವೇಷದಲ್ಲಿ ಬಂದಿರುವುದರಿಂದ. ಈಗಿನ ಪದ್ಧತಿ ಹೀಗಿದೆ. ಫೋನಿನ ಪೂರ್ತಿ ಬೆಲೆಯನ್ನು ನಿನ್ನ ಹೆಸರಿನಲ್ಲಿ ಸಾಲವಾಗಿ ಬರೆದು, ಸಾಮಾನ್ಯವಾಗಿ 36 ಕಂತುಗಳಾಗಿ ಹಂಚುತ್ತಾರೆ. ಪ್ರತಿ ತಿಂಗಳ ಬಿಲ್ಲಿನಲ್ಲಿ ಒಂದು ಸಾಲಿನಲ್ಲಿ ಆ ಕಂತನ್ನು ಸೇರಿಸಿ, ಅದರ ಕೆಳಗಿನ ಸಾಲಿನಲ್ಲಿ ಅಷ್ಟೇ ಮೊತ್ತವನ್ನು ರಿಯಾಯಿತಿ ಎಂದು ಕಳೆಯುತ್ತಾರೆ. ನೀನು ಅವರು ಹೇಳಿದ ದುಬಾರಿ ಪ್ಲಾನಿನಲ್ಲಿ ಇರುವವರೆಗೆ ಮಾತ್ರ ಆ ಕಳೆಯುವ ಸಾಲು ಇರುತ್ತದೆ. ಲೈನ್ ಬಿಟ್ಟರೆ ಕಳೆಯುವುದು ನಿಲ್ಲುತ್ತದೆ, ಉಳಿದ ಕಂತುಗಳೆಲ್ಲ ಒಮ್ಮೆಗೇ ಬಾಕಿಯಾಗುತ್ತವೆ. ಷರತ್ತಿನಲ್ಲಿರುವುದಕ್ಕಿಂತ ಅಗ್ಗದ ಪ್ಲಾನಿಗೆ ಇಳಿದರೂ ರಿಯಾಯಿತಿ ಕೈತಪ್ಪಬಹುದು. ದಂಡ ಎಂಬ ಹೆಸರು ಮಾತ್ರ ಹೋಗಿದೆ.

ಲೆಕ್ಕ ಮಾಡಿ ನೋಡೋಣ. ಫೋನಿನ ಬೆಲೆ 792 ಡಾಲರ್ ಎಂದಿಟ್ಟುಕೋ, ಅಂದರೆ ತಿಂಗಳಿಗೆ 22 ಡಾಲರಿನ 36 ಕಂತು. ಅದು ನಿನಗೆ ‘ಪುಕ್ಕಟೆ’. ತಿಂಗಳಿಗೆ 85 ಡಾಲರಿನಂತೆ 36 ತಿಂಗಳಿಗೆ ನೀನು ಕಟ್ಟುವುದು 3,060 ಡಾಲರ್. ಅದೇ ಫೋನನ್ನು ಪೂರ್ತಿ ಹಣಕ್ಕೆ ಕೊಂಡು, ತಿಂಗಳಿಗೆ 25 ಡಾಲರಿನ ಪ್ರಿಪೇಯ್ಡ್ ಪ್ಲಾನ್ ಹಾಕಿಸಿದರೆ 792ಕ್ಕೆ 900 ಸೇರಿ 1,692 ಡಾಲರ್. ವ್ಯತ್ಯಾಸ 1,368 ಡಾಲರ್. 350 ಡಾಲರಿನ ಸಾಧಾರಣ ಫೋನ್ ಸಾಕು ಎಂದರೆ ಒಟ್ಟು ಖರ್ಚು 1,250ಕ್ಕೆ ಇಳಿಯುತ್ತದೆ. ನಿನ್ನ ಎಂ.ಎಸ್. ಎರಡು ವರ್ಷದ್ದು, ಕಾಗದ ಮೂರು ವರ್ಷದ್ದು ಎನ್ನುವುದನ್ನೂ ಗಮನಿಸು. ಓದು ಮುಗಿಸಿ ಇಪ್ಪತ್ತನಾಲ್ಕನೆಯ ತಿಂಗಳಿಗೆ ಲೈನ್ ಬಿಡಬೇಕಾಗಿ ಬಂದರೆ, ಅಷ್ಟರಲ್ಲಿ 2,040 ಡಾಲರ್ ಕಟ್ಟಿರುತ್ತೀಯ, ಅದರ ಮೇಲೆ ‘ಪುಕ್ಕಟೆ’ ಫೋನಿನ ಬಾಕಿ 264 ಡಾಲರ್ ಕೊಡಬೇಕು.

ಈ ಲೆಕ್ಕದಲ್ಲಿ ನಾನು ಸೇರಿಸದೆ ಬಿಟ್ಟಿರುವುದೂ ಇದೆ. ಪುಕ್ಕಟೆ ಎಂದರೂ ಕೌಂಟರಿನಲ್ಲಿ ಫೋನಿನ ಪೂರ್ತಿ ಬೆಲೆಯ ಮೇಲೆ ಮಾರಾಟ ತೆರಿಗೆ ಕೇಳುತ್ತಾರೆ. ಆರ್ಲಿಂಗ್ಟನ್ನಿನ 8.25 ಶೇಕಡಾ ದರದಲ್ಲಿ 792 ಡಾಲರಿಗೆ ಸುಮಾರು 65 ಡಾಲರ್. ಲೈನ್ ಚಾಲೂ ಮಾಡಲು 35 ಡಾಲರಿನ ಆಸುಪಾಸು ಬೇರೆ. ಅಂಗಡಿಯವನು ಹೇಳಿದ 85 ಡಾಲರ್, ಬ್ಯಾಂಕಿನಿಂದ ತಾನಾಗಿಯೇ ಹಣ ಕಡಿತವಾಗುವವರಿಗೆ ಇರುವ ದರವೋ ಅಲ್ಲವೋ ಕೇಳು, ಎಷ್ಟೋ ಸಲ ಅದಿಲ್ಲದವರಿಗೆ ಹತ್ತು ಡಾಲರ್ ಹೆಚ್ಚಿರುತ್ತದೆ. ಬಿಲ್ಲಿನ ತಳದಲ್ಲಿ ‘ಆಡಳಿತ ಶುಲ್ಕ’ ಎಂದು ಒಂದು ಸಾಲು ಕಾಣಿಸುತ್ತದೆ. ತೆರಿಗೆಗಳ ಗುಂಪಿನಲ್ಲೇ ಇದ್ದರೂ ಅದು ಸರ್ಕಾರಕ್ಕೆ ಹೋಗುವ ಹಣವಲ್ಲ, ಕಂಪನಿಯೇ ಇಟ್ಟುಕೊಳ್ಳುತ್ತದೆ. ಇನ್ನೂ ಸೋಷಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಬಾರದ, ಸಾಲದ ಚರಿತ್ರೆಯೇ ಇಲ್ಲದ ನಿನ್ನಂಥವರಿಂದ ಠೇವಣಿ ಕೇಳುವುದೂ ಉಂಟು. ಪ್ರಿಪೇಯ್ಡ್‌ನಲ್ಲಿ ಈ ಯಾವ ರಗಳೆಯೂ ಇಲ್ಲ, ಹಣ ಕೊಟ್ಟರೆ ಸಿಮ್ ಕೊಡುತ್ತಾರೆ.

ಹಣಕ್ಕಿಂತ ನಿನ್ನನ್ನು ಹೆಚ್ಚು ಕಾಡಬಹುದಾದದ್ದು ಇನ್ನೊಂದಿದೆ. ಕಂತಿನ ಫೋನ್ ಸಾಮಾನ್ಯವಾಗಿ ಆ ಕಂಪನಿಗೆ ಲಾಕ್ ಆಗಿರುತ್ತದೆ. ಹಣ ತೀರುವವರೆಗೆ ಬೇರೆಯವರ ಸಿಮ್ ಅದರಲ್ಲಿ ನಡೆಯುವುದಿಲ್ಲ. ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಅಲ್ಲಿನ ಸಿಮ್ ಹಾಕಲು ಆಗದೆ, ಇಲ್ಲಿನ ಕಂಪನಿಗೆ ದಿನಕ್ಕೆ ಹತ್ತು-ಹನ್ನೆರಡು ಡಾಲರ್ ರೋಮಿಂಗ್ ಕೊಡುತ್ತಾ ಕುಳಿತ ಹುಡುಗರನ್ನು ನಾನು ನೋಡಿದ್ದೇನೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದು, ದಾವಣಗೆರೆಯ ಬಸ್ಸು ಎಲ್ಲಿದೆ ಎಂದು ಅಪ್ಪನಿಗೆ ಒಂದು ಕರೆ ಮಾಡಲು ಅಮೆರಿಕದ ಕಂಪನಿಯ ಅನುಮತಿ ಬೇಕು ಎನ್ನುವ ಸ್ಥಿತಿ ನಿನಗೆ ಬರುವುದು ಬೇಡ.

ಈಗ ಮಾಡಬೇಕಾದ್ದನ್ನು ಹೇಳುತ್ತೇನೆ. ಮೊದಲು ನಿನ್ನ ಒಡೆದ ಫೋನನ್ನೇ ನೋಡು. ಗಾಜು ಮಾತ್ರ ಹೋಗಿದ್ದರೆ ರಿಪೇರಿಗೆ ಎಷ್ಟಾಗುತ್ತದೆ ಎಂದು ಕೇಳು. ಆದರೆ ರಿಪೇರಿಗೆ ಕೊಡುವ ಮೊದಲೇ *#06# ಒತ್ತಿ ಐಎಂಇಐ ಸಂಖ್ಯೆ ಬರೆದುಕೊಂಡು, ನೀನು ಸೇರಬೇಕೆಂದಿರುವ ಕಂಪನಿಯ ಜಾಲತಾಣದಲ್ಲಿ ‘ನಿಮ್ಮ ಫೋನ್ ನಡೆಯುತ್ತದೆಯೇ’ ಎಂಬ ಜಾಗದಲ್ಲಿ ಹಾಕಿ ನೋಡು. ಭಾರತದ ಮಾದರಿಯ ಫೋನುಗಳಲ್ಲಿ ಇಲ್ಲಿನ ಕೆಲವು ತರಂಗಾಂತರಗಳು ಇರುವುದಿಲ್ಲ. ಟಿ-ಮೊಬೈಲ್‌ಗೆ ಊರ ಹೊರಗೆ ಮತ್ತು ಕಟ್ಟಡದ ಒಳಗೆ ಆಸರೆಯಾಗುವುದು 71ನೆಯ ಬ್ಯಾಂಡ್ ಎಂಬ ತರಂಗಾಂತರ, ವೆರೈಝನ್‌ಗೆ 13ನೆಯದು. ಎಟಿ ಅಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದ ಮೇಲೆ, ತನ್ನ ಪಟ್ಟಿಯಲ್ಲಿ ಇಲ್ಲದ ಮಾದರಿಗಳಿಗೆ ಮಾತಿನ ಸೇವೆಯನ್ನೇ ಕೊಡುವುದಿಲ್ಲ. ಊರಿನಲ್ಲಿ ಚೆನ್ನಾಗಿಯೇ ಇದ್ದ ಫೋನ್ ಇಲ್ಲಿ ಮೂಕವಾಗುವುದು ಇದೇ ಕಾರಣಕ್ಕೆ.

ಹೊಸದು ಬೇಕೇ ಬೇಕು ಎಂದಾದರೆ ತಯಾರಿಸಿದ ಕಂಪನಿಯಿಂದಲೇ ಕೊಳ್ಳು. ಆಪಲ್‌ನ ಜಾಲತಾಣದಲ್ಲಿ ಮೊಬೈಲ್ ಕಂಪನಿಗಳ ಹೆಸರುಗಳ ಕೆಳಗೆ, ‘ಯಾವ ಕಂಪನಿ ಎಂದು ಆಮೇಲೆ ಜೋಡಿಸಿಕೊಳ್ಳುತ್ತೇನೆ’ ಎಂಬ ಅರ್ಥದ ಒಂದು ಆಯ್ಕೆ ಇರುತ್ತದೆ. ಅದನ್ನೇ ಒತ್ತಬೇಕು. ಅವರೇ ಸರಿಪಡಿಸಿ ಮಾರುವ ಹಳೆಯ ಫೋನುಗಳೂ ಚೆನ್ನಾಗಿರುತ್ತವೆ. ದೊಡ್ಡ ಅಂಗಡಿಗಳಲ್ಲಿ ನೂರು ಡಾಲರಿನ ಆಸುಪಾಸು ನೇತುಹಾಕಿರುವ ಪ್ರಿಪೇಯ್ಡ್ ಫೋನುಗಳು ಅಗ್ಗವೇ, ಆದರೆ ಅವೂ ಲಾಕ್ ಆಗಿರುತ್ತವೆ. ಡಬ್ಬಿಯ ಮೇಲೆ ‘ಅನ್‌ಲಾಕ್ಡ್’ ಎಂದು ಬರೆದಿರುವುದನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡ.

ಲೈನಿನ ವಿಷಯ. ಈ ದೇಶದಲ್ಲಿ ಎಲ್ಲೆಡೆ ಸ್ವಂತ ಜಾಲವಿರುವ ದೊಡ್ಡ ಕಂಪನಿಗಳು ಮೂರೇ: ವೆರೈಝನ್, ಟಿ-ಮೊಬೈಲ್, ಎಟಿ ಅಂಡ್ ಟಿ. ಅವರ ಜಾಲವನ್ನು ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುವ ಹತ್ತಾರು ಸಣ್ಣ ಹೆಸರುಗಳಿವೆ. ಮಿಂಟ್, ವಿಸಿಬಲ್, ಟೆಲ್ಲೊ ಇವೆಲ್ಲ ಆ ಜಾತಿಯವು. ಮಿಂಟ್ ಈಗ ಟಿ-ಮೊಬೈಲ್‌ನದೇ, ವಿಸಿಬಲ್ ವೆರೈಝನ್‌ನದೇ. ತಿಂಗಳಿಗೆ 15ರಿಂದ 30 ಡಾಲರಿನೊಳಗೆ ಒಬ್ಬ ವಿದ್ಯಾರ್ಥಿಗೆ ಸಾಕಾಗುವಷ್ಟು ಸಿಗುತ್ತದೆ. 15 ಡಾಲರ್ ಎಂದು ಕಂಡರೆ ಅದು ವರ್ಷದ ಹಣವನ್ನು ಮುಂಚಿತವಾಗಿ ಕಟ್ಟಿದವರಿಗೆ ಇರುವ ದರವೇ ಎಂದು ನೋಡಿಕೊ. ಕೊರತೆಯೂ ಇದೆ, ಮುಚ್ಚಿಡುವುದಿಲ್ಲ. ಗೋಪುರದ ಮೇಲೆ ಒತ್ತಡ ಹೆಚ್ಚಾದಾಗ ದುಬಾರಿ ಪ್ಲಾನಿನವರಿಗೆ ಮೊದಲ ದಾರಿ, ಇವರಿಗೆ ಆಮೇಲೆ. ಆರ್ಲಿಂಗ್ಟನ್ನಿನ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಪಂದ್ಯವಿರುವ ದಿನ ಇಂಟರ್ನೆಟ್ ತೆವಳಬಹುದು. ಸಮಸ್ಯೆ ಬಂದರೆ ಎದುರು ಹೋಗಿ ಮಾತನಾಡಲು ಅಂಗಡಿ ಇರುವುದಿಲ್ಲ. ಯಾವ ಜಾಲ ನಿನ್ನ ಕೋಣೆಯಲ್ಲಿ, ನಿನ್ನ ಪ್ರಯೋಗಾಲಯದಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಅಲ್ಲಿಯೇ ಒಂದು ವರ್ಷ ಕಳೆದವರನ್ನು ಕೇಳಿ ಆರಿಸಿಕೊ. ಕಂಪನಿಗಳ ನಕ್ಷೆಗಿಂತ ಪಕ್ಕದ ಕೋಣೆಯವನ ಅನುಭವ ಮೇಲು.

‘ಮನೆಯಲ್ಲೂ ವಿಶ್ವವಿದ್ಯಾಲಯದಲ್ಲೂ ವೈಫೈ ಇದೆ, ಡೇಟಾ ಬೇಡವೇ ಬೇಡ ಎಂದರೆ ಹೇಗೆ’ ಎಂದೂ ಕೇಳಿದ್ದೀಯ. ಅಷ್ಟು ದೂರ ಹೋಗಬೇಡ. ಬೇರೆ ಊರಿನವರಿಗಾದರೆ ಸರಿ ಎನ್ನುತ್ತಿದ್ದೆನೋ ಏನೋ, ಆರ್ಲಿಂಗ್ಟನ್ನಿನವನಿಗೆ ಹೇಳಲಾರೆ. ಅಷ್ಟು ದೊಡ್ಡ ಊರಾದರೂ ಅಲ್ಲಿ ಗೊತ್ತಾದ ದಾರಿಯಲ್ಲಿ ಓಡಾಡುವ ಸಿಟಿ ಬಸ್ಸುಗಳಿಲ್ಲ. 2017ರ ಡಿಸೆಂಬರಿನಿಂದ ಆ್ಯಪ್‌ನಲ್ಲಿ ಕರೆದರೆ ಬರುವ ವ್ಯಾನುಗಳೇ ಊರಿನ ಸಾರ್ವಜನಿಕ ಸಾರಿಗೆ. ದಿನಸಿ ಚೀಲ ಹಿಡಿದು, ಆಗಸ್ಟಿನ ಬಿಸಿಲಿನಲ್ಲಿ ಅಂಗಡಿಯ ಹೊರಗೆ ನಿಂತು ವ್ಯಾನ್ ಎಲ್ಲಿಗೆ ಬಂತು ಎಂದು ನೋಡಲು ಡೇಟಾ ಬೇಕು. ದಾರಿ ತಪ್ಪಿದರೆ ನಕ್ಷೆ ಬೇಕು. ಆದರೆ ಎಷ್ಟು ಎನ್ನುವುದನ್ನು ಊರಿನ ಅಭ್ಯಾಸದಿಂದ ಅಳೆಯಬೇಡ. ನಮ್ಮಲ್ಲಿ ದಿನಕ್ಕೆ ಒಂದೂವರೆ, ಎರಡು ಜಿಬಿ ಎಂದು ಲೆಕ್ಕ. ಇಲ್ಲಿ ಅಗ್ಗದ ಪ್ಲಾನುಗಳಲ್ಲಿ ತಿಂಗಳಿಗೆ ಇಷ್ಟು ಎಂದು ಲೆಕ್ಕ. ವೀಡಿಯೊಗಳನ್ನು ವೈಫೈನಲ್ಲಿ ನೋಡುವವನಿಗೆ ತಿಂಗಳಿಗೆ ಐದು ಜಿಬಿ ಸಾಕಾಗುತ್ತದೆ. ಸಾಲದಿದ್ದರೆ ಮುಂದಿನ ತಿಂಗಳು ಹೆಚ್ಚಿಸಿಕೊ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಇನ್ನೊಂದು ಮಾತು ನೆನಪಿರಲಿ: ಪ್ಲಾನ್ ಮುಗಿದು ಹೋಗಿದ್ದರೂ, ಸಿಮ್ಮೇ ಇಲ್ಲದಿದ್ದರೂ, ಜಾಲ ಸಿಗುವ ಕಡೆ ಇಲ್ಲಿನ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಹೋಗುತ್ತದೆ. ಅದನ್ನು ತಡೆಯುವ ಅಧಿಕಾರ ಯಾವ ಕಂಪನಿಗೂ ಇಲ್ಲ.

ಕೋಣೆಯ ಗೆಳೆಯರು ನಾಲ್ವರೂ ಸೇರಿ ‘ಫ್ಯಾಮಿಲಿ ಪ್ಲಾನ್’ ಮಾಡೋಣ ಎನ್ನುತ್ತಿದ್ದಾರೆ ಎಂದು ಬರೆದಿದ್ದೀಯ. ನಾಲ್ಕು ಲೈನಿಗೆ ದರ ಇಳಿಯುವುದು ನಿಜ, ದೊಡ್ಡ ಕಂಪನಿಯವರೂ ಆಗ ತಲೆಗೆ 30-40 ಡಾಲರಿಗೆ ಬರಬಹುದು. ಸಿಮ್ ಮಾತ್ರ ತೆಗೆದುಕೊಂಡು, ಯಾರೂ ಕಂತಿನ ಫೋನ್ ತೆಗೆದುಕೊಳ್ಳದಿದ್ದರೆ ಸೇರಿಕೊ. ಫೋನ್ ಸೇರಿದ ಕೂಡಲೇ ಹೊರಗೆ ಬಾ. ನಮ್ಮ ನ್ಯೂಜೆರ್ಸಿಯ ಕನ್ನಡ ಕೂಟದಲ್ಲಿ ಒಬ್ಬ ಹುಡುಗನಿದ್ದ, ಬಲು ಒಳ್ಳೆಯವನು. ಎಲ್ಲರಿಗೂ ಮೊದಲು ಸೋಷಿಯಲ್ ಸೆಕ್ಯುರಿಟಿ ನಂಬರ್ ಬಂದದ್ದು ಅವನಿಗೆ, ಹಾಗಾಗಿ ಖಾತೆ ಅವನ ಹೆಸರಿನಲ್ಲಾಯಿತು. ಜೊತೆಗಿದ್ದವರಲ್ಲಿ ಇಬ್ಬರು ದುಬಾರಿ ಫೋನ್ ತೆಗೆದುಕೊಂಡರು. ಒಬ್ಬನಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿ ಹೋದ, ಇನ್ನೊಬ್ಬ ವೀಸಾ ಕೈಕೊಟ್ಟು ಊರಿಗೆ ಮರಳಿದ. ತಿಂಗಳು ತಿಂಗಳು ಬಿಲ್ ಬಂದದ್ದು ಇವನ ಮನೆಗೆ, ಕಟ್ಟದಿದ್ದರೆ ಕೆಡುವುದು ಇವನ ಸಾಲದ ಅಂಕ (ಕ್ರೆಡಿಟ್ ಸ್ಕೋರ್). ಮೂರು ಹೊತ್ತು ಒಟ್ಟಿಗೆ ಉಂಡವರಿಗೆ ಹಣ ಕೇಳಿ ಸಂದೇಶ ಕಳುಹಿಸುವ ಸಂಕಟ ಅವನ ಮುಖದಲ್ಲಿ ಕಾಣುತ್ತಿತ್ತು. ಯಾರೂ ಮೋಸಗಾರರಾಗಿರಲಿಲ್ಲ. ಅವರ ಬದುಕು ಮೂರು ವರ್ಷ ಒಂದೇ ಕಡೆ ನಿಲ್ಲುವಂಥದ್ದಾಗಿರಲಿಲ್ಲ, ಕಾಗದ ಮಾತ್ರ ಅದನ್ನು ಬೇಡಿತ್ತು.

ಊರಿನ ನಂಬರನ್ನು ಬಿಡಬೇಡ. ಬ್ಯಾಂಕಿನ ಒಟಿಪಿ, ಆಧಾರ್, ಶಿಕ್ಷಣ ಸಾಲದ ಸಂದೇಶ ಎಲ್ಲ ಅದಕ್ಕೇ ಬರುತ್ತವೆ. ರೋಮಿಂಗ್‌ನಲ್ಲಿ ಬರುವ ಸಂದೇಶಕ್ಕೆ ಸಾಮಾನ್ಯವಾಗಿ ಹಣವಿಲ್ಲ. ಆ ಸಿಮ್ಮಿನ ಡೇಟಾ ರೋಮಿಂಗ್ ಬಂದ್ ಮಾಡಿಟ್ಟು, ನಂಬರ್ ಸಾಯದಂತೆ ಅಪ್ಪನಿಂದ ಕಾಲಕಾಲಕ್ಕೆ ರೀಚಾರ್ಜ್ ಮಾಡಿಸುತ್ತಿರು. ಐಫೋನ್ ಕೊಳ್ಳುವುದಾದರೆ ಒಂದು ಎಚ್ಚರ ಬೇಕು. 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಮಾದರಿಗಳಲ್ಲಿ ಸಿಮ್ ಹಾಕುವ ಕಿಂಡಿಯೇ ಇಲ್ಲ, ಎಲ್ಲ ಇ-ಸಿಮ್, ಅಂದರೆ ಫೋನಿನೊಳಗೇ ಇರುವ, ಕಾರ್ಡ್ ಇಲ್ಲದ ಸಿಮ್. ನಿನ್ನ ಊರಿನ ಪ್ಲಾಸ್ಟಿಕ್ ಸಿಮ್ ಅದರೊಳಗೆ ಹೋಗುವುದಿಲ್ಲ. ಆ ಸಿಮ್ಮನ್ನು ಇ-ಸಿಮ್ ಮಾಡಿಸಲು ಬರುವ ದೃಢೀಕರಣದ ಸಂದೇಶ ಅದೇ ಸಿಮ್ಮಿಗೆ ಬರುತ್ತದೆ. ಹಾಗಾಗಿ ಒಡೆದ ಫೋನಿನಲ್ಲಿ ಜೀವವಿರುವಾಗಲೇ ಈ ಕೆಲಸ ಮುಗಿಸಬೇಕು, ರಿಪೇರಿಗೆ ಕೊಡುವ ಮೊದಲು. ನಿನ್ನ ಹಿಂದೆ ಬರಲಿರುವ ಗೆಳೆಯರಿಗೆ ಇದನ್ನು ಊರಿನಲ್ಲೇ ಮಾಡಿಕೊಂಡು ಬರಲು ಹೇಳು.

ನಿನ್ನ ಅಪ್ಪ ಫೋನಿನಲ್ಲಿ ‘ನಮಗೂ ಇಲ್ಲಿ ಬೇಡದ ನೆಟ್ ಕಟ್ಟಿ ಕೊಡುತ್ತಾರಪ್ಪ’ ಎಂದರು ಎಂದು ಬರೆದಿದ್ದೀಯಲ್ಲ, ಅವರ ಮಾತಿನಲ್ಲಿ ಹುರುಳಿದೆ. ಬರಿಯ ಮಾತಿಗಾಗಿ ಫೋನ್ ಇಟ್ಟುಕೊಂಡವರೂ ನಮ್ಮಲ್ಲಿ ವರ್ಷಗಟ್ಟಲೆ ಡೇಟಾ ಸೇರಿದ ಪ್ಯಾಕನ್ನೇ ಹಾಕಿಸಬೇಕಾಗಿತ್ತು. ಭಾರತದ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, ಮಾತು ಮತ್ತು ಸಂದೇಶಕ್ಕೆ ಮಾತ್ರವೇ ಆಗುವ ಪ್ರತ್ಯೇಕ ರೀಚಾರ್ಜ್ ಕೊಡಲೇಬೇಕು ಎಂದಿತು, 2025ರ ಜನವರಿಯಲ್ಲಿ ಕಂಪನಿಗಳು ಅವನ್ನು ಬಿಡುಗಡೆ ಮಾಡಿದವು. ಮನೆಯಲ್ಲಿ ಅಜ್ಜಿಯ ಫೋನಿಗೆ ಅದನ್ನು ವಿಚಾರಿಸಲು ಹೇಳು. ಬೆಲೆ ಎಷ್ಟು ಇಳಿದಿದೆ ಎನ್ನುವುದನ್ನು ಡೇಟಾ ಪ್ಯಾಕಿನ ಪಕ್ಕದಲ್ಲಿಟ್ಟು ನೋಡಿಯೇ ಹಾಕಿಸಲಿ.

ನೀನು ಕೊನೆಗೆ ಬರೆದ ಸಾಲು ನನ್ನ ಮನಸ್ಸಿಗೆ ನಾಟಿತು. ‘ಅಂಗಡಿಯಲ್ಲಿ ಒಂದು ಗಂಟೆ ವಿವರಿಸಿದ್ದಾನೆ, ಈಗ ಬೇಡ ಎಂದರೆ ಜಿಪುಣ ಎಂದುಕೊಳ್ಳುತ್ತಾನೇನೋ’ ಎಂದಿದ್ದೀಯ. ಏನೂ ಅಂದುಕೊಳ್ಳುವುದಿಲ್ಲ. ಅವನದು ಮಾರುವ ಕೆಲಸ, ಕಮಿಷನ್ ಮೇಲೆ ಅವನ ಮನೆ ನಡೆಯಬೇಕು, ಅವನ ಮೇಲೆ ನನಗೆ ಕೋಪವಿಲ್ಲ. ಇಲ್ಲಿ ‘ಯೋಚಿಸಿ ಬರುತ್ತೇನೆ, ಧನ್ಯವಾದ’ ಎಂದು ಎದ್ದು ಬರುವುದು ತೀರ ಸಾಮಾನ್ಯ. ನಿನ್ನ ಅಪ್ಪ ಸಾಲ ಮಾಡಿ ಕಳುಹಿಸಿದ ಹಣದಲ್ಲಿ ಒಂದೂವರೆ ಸಾವಿರ ಡಾಲರ್ ಉಳಿಸುವವನು ಜಿಪುಣನಲ್ಲ, ಜವಾಬ್ದಾರಿ ಇರುವವನು.

ಶನಿವಾರ ಮತ್ತೆ ಬಾ ಎಂದಿದ್ದಾನಲ್ಲ, ಕುತೂಹಲವಿದ್ದರೆ ಹೋಗು. ಕಂತು ಎಷ್ಟು ತಿಂಗಳದ್ದು, ಮಧ್ಯೆ ಬಿಟ್ಟರೆ ಎಷ್ಟು ಬಾಕಿ, ಫೋನ್ ಯಾವಾಗ ಅನ್‌ಲಾಕ್ ಆಗುತ್ತದೆ, ಎಲ್ಲ ಸೇರಿ ಮೊದಲ ತಿಂಗಳ ಬಿಲ್ ಎಷ್ಟು ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊ. ಎಫ್‌ಸಿಸಿ ನಿಯಮದಂತೆ 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಪ್ರತಿ ಪ್ಲಾನಿನ ದರ, ಶುಲ್ಕ, ಡೇಟಾ ಮಿತಿಗಳನ್ನು ಕಪ್ಪು-ಬಿಳುಪಿನ ಒಂದು ಚೌಕದಲ್ಲಿ ಅಚ್ಚಾಗಿಸಿ ತೋರಿಸಬೇಕು. ಅದನ್ನೂ ಕೇಳು. ಎರಡನ್ನೂ ಫೋಟೊ ತೆಗೆದು ನನಗೆ ಕಳುಹಿಸು, ಭಾನುವಾರ ಬೆಳಿಗ್ಗೆ ಇಬ್ಬರೂ ಕುಳಿತು ನೋಡೋಣ. ಆ ವಾರ ಓಡಾಡಲು ಒಂದು ತಿಂಗಳ ಪ್ರಿಪೇಯ್ಡ್ ಸಿಮ್ ಇಂದೇ ತೆಗೆದುಕೊ, ಅಮ್ಮ ನಿನ್ನ ನಂಬರಿಗಾಗಿ ಕಾಯುತ್ತಿರುತ್ತಾರೆ.

ನಿನ್ನ ಅಕ್ಕ
ಎಡಿಸನ್, ನ್ಯೂಜೆರ್ಸಿ